ದನ ಹೇಗೆ ಏಳುತ್ತದೆ ಎಂದು ಕೇಳಿದವರು

ಕಳೆದ ತಿಂಗಳು ನಮ್ಮ ಕಾಲೇಜಿನ ಅನಿಮೇಷನ್ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದರು. ನಾನು ಕಾಲೇಜು ಬಿಟ್ಟ ಮೇಲೆ ಇದೇ ಮೊದಲು.

"ನಮ್ಮ ಸರ್ ತೀರಿಹೋದ್ರಲ್ಲ ಮಾರಾಯ, ಗೊತ್ತಾಯ್ತಾ? ಕಾಲೇಜು ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದು ಕೊಡು. ನೀನು ತಮಾಷೆಯಾಗಿ ಬರೀತಿಯಲ್ಲ, ಹಾಗೆ ಬರಿ. ಮತ್ತೆ ಅವರದ್ದು ಒಂದು ಫೋಟೋ ಉಂಟಾ ನಿನ್ನ ಹತ್ರ? ನಮ್ಮಲ್ಲಿ ಇಲ್ಲ."

ಹನ್ನೊಂದು ವರ್ಷ ಪಾಠ ಮಾಡಿದವರದ್ದು ಒಂದು ಫೋಟೋ ಇಲ್ಲವಂತೆ. ನನ್ನದು ಇದೆ. ಪುತ್ತೂರಿನ ಆ ಕಾಲೇಜಿನ ಎರಡನೇ ಮಹಡಿಗೆ ಹತ್ತಿದ ಕೂಡಲೇ ಎಡಗಡೆಯ ಗೋಡೆಯಲ್ಲಿ 'ನಮ್ಮ ಹೆಮ್ಮೆ' ಎಂಬ ಫ್ಲೆಕ್ಸ್ ಇದೆ. ಅದರಲ್ಲಿ ಕೂದಲಿಗೆ ಅರ್ಧ ಡಬ್ಬಿ ಜೆಲ್ ಮೆತ್ತಿಕೊಂಡು ಹಲ್ಲು ಕಿರಿಯುತ್ತಿರುವವನು ನಾನು. ಕೆಳಗೆ 'ಅಂತಿಮ ಪ್ರಾಜೆಕ್ಟ್ 92/100' ಎಂದಿದೆ.

ಒಳ್ಳೆ ಮಾತು ಬೇಕಂತೆ, ಅದೂ ತಮಾಷೆಯಾಗಿ. ಬರೆಯುತ್ತೇನೆ ಸರ್. ತಮಾಷೆ ನನಗೆ ಕಷ್ಟವಲ್ಲ. ಇಡೀ ಅನಾಹುತ ಆದದ್ದೇ ಅದರಿಂದ.

ನಮ್ಮ ಸರ್ ಮೇಷ್ಟ್ರಾಗಲು ಹುಟ್ಟಿದವರಲ್ಲ. ಮೊದಲು ಬೋರ್ಡ್ ಬರೆಯುತ್ತಿದ್ದವರು. ಪುತ್ತೂರಿನಿಂದ ಸುಳ್ಯದವರೆಗಿನ ಅಂಗಡಿ ಬೋರ್ಡುಗಳು, ಬಸ್ಸಿನ ಹಣೆಯ ಮೇಲಿನ ಹೆಸರುಗಳು, ಶಾಲೆಗಳ ಗೋಡೆಯ ಮೇಲಿನ ಭಾರತದ ನಕ್ಷೆಗಳು, ಎಲ್ಲ ಅವರ ಕೈಯವು. ಆಮೇಲೆ ಫ್ಲೆಕ್ಸ್ ಬಂತು. "ಅದಕ್ಕೆ ಕೈ ಬೇಡ, ಕರೆಂಟ್ ಸಾಕು" ಎಂದು ಬ್ರಶ್ಶು ತೊಳೆದಿಟ್ಟು, ನಲವತ್ತೈದು ದಾಟಿದ ವಯಸ್ಸಿನಲ್ಲಿ ಚಿತ್ರವನ್ನು ಓಡಿಸುವುದು ಹೇಗೆಂದು ತಾವೇ ಕಲಿತರು. ಕಾಲೇಜಿನಲ್ಲಿದ್ದ ಮೇಷ್ಟ್ರು ವರ್ಷದ ನಡುವೆ ಕೊಚ್ಚಿಗೆ ಓಡಿಹೋದಾಗ ಇವರನ್ನು ಅತಿಥಿ ಉಪನ್ಯಾಸಕ ಎಂದು ಕರೆದರು. ಒಂದು ವರ್ಷದ ಅತಿಥಿ ಹನ್ನೊಂದು ವರ್ಷ ಉಳಿದರು. ಪ್ರತಿ ವರ್ಷ ಹೊಸ ಪತ್ರ, ಪ್ರತಿ ವರ್ಷವೂ ಅತಿಥಿ.

ನೋಡಲಿಕ್ಕೆ ಏನೂ ಇರಲಿಲ್ಲ. ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಪೆನ್ಸಿಲ್. ಹೊಸ ಪೆನ್ಸಿಲ್ ತಂದರೂ ಮುರಿದು ಅರ್ಧ ಮಾಡಿಕೊಂಡೇ ಜೇಬಿಗೆ ಹಾಕುತ್ತಿದ್ದರು. ಉದ್ದ ಇದ್ದರೆ ಬಗ್ಗಿದಾಗ ಚುಚ್ಚುತ್ತದಂತೆ. ಅವರು ದಿನಕ್ಕೆ ನೂರು ಸಲ ಬಗ್ಗುತ್ತಿದ್ದರು. ಮುದುಕಿ ಮೆಟ್ಟಿಲು ಹತ್ತುವುದು, ಕಾಗೆ ಹಾರುವ ಮೊದಲು ಕುಪ್ಪಳಿಸುವುದು, ಎಲ್ಲವನ್ನೂ ಮೊದಲು ಮಾಡಿ ತೋರಿಸಿ ಆಮೇಲೆ ಬರೆಯಿಸುತ್ತಿದ್ದರು.

ನಮ್ಮ ಮೊದಲ ತರಗತಿ ನಡೆದದ್ದು ಪುತ್ತೂರು ಬಸ್ ನಿಲ್ದಾಣದಲ್ಲಿ. "ಕೊಡಪಾನ ಹಿಡ್ಕೊಂಡವ್ರು ಬಸ್ ಹತ್ತುವಾಗ ಯಾವ ಭುಜ ಮೇಲೆ ಹೋಗ್ತದೆ, ನೋಡಿ." ಹದಿನಾಲ್ಕು ಜನ ಸಾಲಾಗಿ ನಿಂತು ಬಸ್ ಹತ್ತುವವರ ಭುಜ ನೋಡಿದೆವು. ಮೂರನೇ ಬಸ್ಸಿಗೆ ಸುಳ್ಯದ ಕಂಡಕ್ಟರ್ ಇಳಿದು ಬಂದು, "ಎಂತ ಸರ್, ಚೆಕ್ಕಿಂಗಾ? ನಮ್ಮಲ್ಲಿ ಎಲ್ಲ ಸರಿ ಉಂಟು" ಎಂದು ಟಿಕೆಟ್ ಯಂತ್ರವನ್ನೇ ಅವರ ಕೈಗೆ ಕೊಟ್ಟ. ಸರ್ ಅದನ್ನು ತಿರುಗಿಸಿ ನೋಡಿ, "ನೀವು ಇಳಿದದ್ದು ಬಹಳ ಚಂದ ಇತ್ತು. ಇನ್ನೊಮ್ಮೆ ಇಳೀಬಹುದಾ?" ಎಂದು ಕೇಳಿದರು. ಅವನು ಇಳಿದ, ಎರಡು ಸಲ.

ನನ್ನ ಮೊದಲ ಕೆಲಸ ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿಯುವುದು. ಜಗತ್ತಿನಲ್ಲಿ ಅನಿಮೇಷನ್ ಕಲಿಯುವ ಎಲ್ಲರೂ ಮೊದಲು ಮಾಡುವ ಕೆಲಸ. ನನ್ನ ಚೆಂಡು ಬಿತ್ತು, ಪುಟಿಯಿತು, ಮೇಲೆ ಹೋಯಿತು, ಮತ್ತೆ ಬರಲೇ ಇಲ್ಲ. ಸರ್ ಪರದೆಯ ಮುಂದೆ ಕುಳಿತು ಕಾದರು. ನಿಜವಾಗಿ ಕಾದರು. ಆಮೇಲೆ, "ಗಲ್ಫಿಗೆ ಹೋಯ್ತಾ ಮಾರಾಯ? ಬರುವಾಗ ಹೇಳು" ಎಂದು ಎದ್ದು ಹೋದರು.

ಎರಡನೆಯದು ನಡೆಯುವ ಮನುಷ್ಯ. ನಾನು ಬಲಗೈ, ಬಲಗಾಲು ಎರಡನ್ನೂ ಒಟ್ಟಿಗೆ ಮುಂದೆ ಹಾಕಿಸಿದ್ದೆ. ಅವರು ಬೈಯಲಿಲ್ಲ. "ಹಾಗೇ ನಡೆದು ಕ್ಯಾಂಟೀನಿಗೆ ಹೋಗಿ ಒಂದು ಚಾ ತಾ" ಅಂದರು. ಹೋದೆ. ಬಿ.ಕಾಂ. ಹುಡುಗಿಯರ ಎದುರು, ಬಲಗೈ ಬಲಗಾಲು, ಎಡಗೈ ಎಡಗಾಲು, ಪೊಲೀಸ್ ಕವಾಯತಿನಲ್ಲಿ ತಲೆ ತಿರುಗಿದವನಂತೆ. ಬರುವಾಗ ಅರ್ಧ ಚಾ ಶರ್ಟಿನ ಮೇಲಿತ್ತು. "ಈಗ ಗೊತ್ತಾಯ್ತಲ್ಲ, ಮನುಷ್ಯ ಹೀಗೆ ನಡೆದ್ರೆ ಚಾ ಬರುದಿಲ್ಲ." ಇವತ್ತಿಗೂ ನಾನು ಪರದೆಯ ಮೇಲೆ ಯಾರನ್ನು ನಡೆಸಿದರೂ ಅವನ ಕೈಯಲ್ಲಿ ಚಾ ಇದೆಯೆಂದೇ ಲೆಕ್ಕ ಹಾಕುವುದು.

ಅವರು ಅಂಕ ಹಾಕುತ್ತಿದ್ದ ರೀತಿಯನ್ನು ಹೇಳಬೇಕು. ಮೊದಲು ಧ್ವನಿ ಬಂದ್ ಮಾಡುತ್ತಿದ್ದರು. "ಮ್ಯೂಸಿಕ್ ಅಂದ್ರೆ ಒಗ್ಗರಣೆ. ಹಳಸಿದ್ದಕ್ಕೂ ಹಾಕ್ಬಹುದು." ಧ್ವನಿ ಇಲ್ಲದೆ ಮೂರು ಸಲ ನೋಡುತ್ತಿದ್ದರು. ಆಮೇಲೆ ಅರ್ಧ ಹಾಳೆಯಲ್ಲಿ ಪೆನ್ಸಿಲಿನಿಂದ ಅಂಕ, ಅದರ ಪಕ್ಕದಲ್ಲಿ ಕಾರಣ. ಅದನ್ನು ನಮ್ಮೆದುರಿಗೇ ಗಟ್ಟಿಯಾಗಿ ಓದುತ್ತಿದ್ದರು. ನಾವು ವಾದ ಮಾಡಬಹುದಿತ್ತು. ಗೆದ್ದರೆ ರಬ್ಬರಿನಿಂದ ಉಜ್ಜಿ ಬೇರೆ ಅಂಕ ಹಾಕುತ್ತಿದ್ದರು. ಅದಕ್ಕೇ ಪೆನ್ಸಿಲ್. "ಕಾರಣ ಹೇಳದೆ ಕೊಟ್ಟ ಮಾರ್ಕು ಭಿಕ್ಷೆ. ಕಾರಣ ಹೇಳದೆ ಕಿತ್ತುಕೊಂಡದ್ದು ಕಳ್ಳತನ" ಎನ್ನುತ್ತಿದ್ದರು.

ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಾತ್ರ ಈ ಹಾಳೆ ನಡೆಯುತ್ತಿರಲಿಲ್ಲ. ಅದಕ್ಕೆ ಅಚ್ಚಾದ ನಮೂನೆ ಇತ್ತು. ರೆಂಡರ್ ಗುಣಮಟ್ಟ, ಅಂದರೆ ಚಿತ್ರ ಎಷ್ಟು ಹೊಳೆಯುತ್ತದೆ ಎಂಬುದಕ್ಕೆ ಮೂವತ್ತು. ಸಾಫ್ಟ್‌ವೇರ್ ಬಳಕೆಗೆ ಮೂವತ್ತು. ವರದಿ ಮತ್ತು ಬೈಂಡಿಂಗಿಗೆ ಇಪ್ಪತ್ತು. ಪ್ರಸ್ತುತಿಗೆ ಹತ್ತು. ಉಳಿದ ಹತ್ತು 'ಚಲನೆ ಮತ್ತು ಇತರೆ'. ಅನಿಮೇಷನ್ ಪದವಿಯಲ್ಲಿ ಚಲನೆಗೆ ಸಿಕ್ಕಿದ್ದು ಹತ್ತು, ಅದೂ 'ಇತರೆ'ಯೊಡನೆ ಹಂಚಿಕೊಂಡು. ಬೈಂಡಿಂಗಿಗೆ ಅದರ ಎರಡರಷ್ಟು! ಹೊರಗಿನ ಪರೀಕ್ಷಕರು ಪೆನ್ನಿನಲ್ಲಿ ಅಂಕ ಹಾಕುತ್ತಾರೆ, ಒಳಗಿನ ಪರೀಕ್ಷಕರು, ಅಂದರೆ ನಮ್ಮ ಸರ್, ಪಕ್ಕದಲ್ಲಿ ಸಹಿ ಹಾಕಬೇಕು. ಪಾಸಾಗಲು ನಲವತ್ತು.

ಆ ವರ್ಷದ ಪ್ರಾಜೆಕ್ಟುಗಳಲ್ಲಿ ಎರಡರ ಕಥೆ ಸಾಕು.

ಒಂದು ಮಿಸ್ರಿಯಾಳದು. ಕೊಯಿಲದವಳು, ಅಪ್ಪನಿಗೆ ಕಡಬದಲ್ಲಿ ಚಪ್ಪಲಿ ಅಂಗಡಿ. ಮನೆಯ ಹತ್ತಿರದ ಸರಕಾರಿ ಜಾನುವಾರು ಫಾರ್ಮಿನ ಬೇಲಿಯ ಬಳಿ ಎರಡು ತಿಂಗಳು ಕುಳಿತು ಒಂದೇ ಮುದಿ ದನವನ್ನು ನೋಡಿದಳು. ಅಲ್ಲಿನ ಕೆಲಸದವರು, "ಆ ದನಕ್ಕೆ ಇಷ್ಟು ನೆಂಟರು ಇರ್ಲಿಲ್ಲ ಮಾರಾಯ್ತಿ" ಎಂದು ತಮಾಷೆ ಮಾಡುತ್ತಿದ್ದರಂತೆ. ಅವಳ ಚಿತ್ರ ಒಂದೂವರೆ ನಿಮಿಷ. ಮಲಗಿದ್ದ ದನ ಏಳುತ್ತದೆ, ನೀರಿನ ತೊಟ್ಟಿಗೆ ಹೋಗುತ್ತದೆ, ಕುಡಿಯುತ್ತದೆ. ಅಷ್ಟೇ. ಬಿಳಿ ಹಾಳೆಯ ಮೇಲೆ ಪೆನ್ಸಿಲ್. ಬಣ್ಣವಿಲ್ಲ, ಹಾಡಿಲ್ಲ. ಆ ದನ ಮುಂಗಾಲಿನ ಮಂಡಿಯೂರಿ, ಕುತ್ತಿಗೆ ಮುಂದೆ ಚಾಚಿ, ಹಿಂಭಾಗವನ್ನು ಮೊದಲು ಎತ್ತಿ, ಆ ಭಾರ ಬೆನ್ನಿನ ಮೇಲೆ ಹಾದು ಬಂದ ಮೇಲೆ ಒಂದೊಂದೇ ಮುಂಗಾಲು ಊರಿ ನಿಲ್ಲುವಾಗ ನನ್ನ ಸೊಂಟ ನೋಯುತ್ತಿತ್ತು. ಮಂಗಳೂರಿನ ಒಂದು ಸ್ಟುಡಿಯೋದವರು ಅದನ್ನು ನೋಡಿ, ಪಾಸಾದ ಅಂಕಪಟ್ಟಿ ಹಿಡಿದುಕೊಂಡು ಬಂದರೆ ಕೆಲಸ ಎಂದಿದ್ದರು. ಅವಳಿಗೆ ನಲವತ್ತು ಬೇಕಿತ್ತು.

ಇನ್ನೊಂದು ನನ್ನದು. ನಾಲ್ಕು ನಿಮಿಷದ ಮಹಾಕಾವ್ಯ. ಮುಂದಿನ ಕಾಲದ ಸುಳ್ಯ. ಗಾಜಿನ ಕಟ್ಟಡಗಳು, ಆಕಾಶದಲ್ಲಿ ಹಾರುವ ಬಸ್ಸುಗಳು, ಅವುಗಳ ಬಾಗಿಲಲ್ಲಿ ನೇತಾಡುವ ಕಂಡಕ್ಟರ್. ಕೊನೆಯಲ್ಲಿ ನಡುರಸ್ತೆಯಲ್ಲಿ ಮಲಗಿದ್ದ ದನ ಎದ್ದು ನಿಲ್ಲುತ್ತದೆ, ಆಕಾಶದ ಬಸ್ಸುಗಳೆಲ್ಲ ಬ್ರೇಕ್ ಹಾಕುತ್ತವೆ. ಹಿಂದಿನಿಂದ ಚೆಂಡೆ. ಕಟ್ಟಡಗಳನ್ನು ಇಳಿಸಿಕೊಂಡದ್ದು ಇಂಟರ್‌ನೆಟ್ಟಿನಿಂದ. ಬಸ್ಸೂ ಅಲ್ಲಿಂದಲೇ. ದನವೂ ಅಲ್ಲಿಂದಲೇ. ದನ ಏಳುವ ಚಲನೆ ಮಾತ್ರ ಎಲ್ಲಿಯೂ ಪುಕ್ಕಟೆ ಸಿಗಲಿಲ್ಲ. ಕುದುರೆಯದ್ದು ಸಿಕ್ಕಿತು. ನಾಲ್ಕು ಕಾಲು ಲೆಕ್ಕ ಸರಿ ಇತ್ತು. ಫೈಲಿನ ಹೆಸರಲ್ಲಿದ್ದ ಕುದುರೆಯನ್ನು ಅಳಿಸಿ ದನ ಎಂದು ಬರೆದೆ. ಅಲ್ಲಿಗೆ ನನ್ನ ಸಂಶೋಧನೆ ಮುಗಿಯಿತು.

ಕುದುರೆ ಏಳುವುದು ಮುಂಗಾಲು ಊರಿ, ಎದೆ ಮೊದಲು ಎತ್ತಿ. ದನ ಏಳುವುದು ಹಿಂದಿನಿಂದ. ನಾನು ಮಂಡೆಕೋಲಿನವನು. ನಮ್ಮ ಹಟ್ಟಿಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ದನಗಳಿವೆ. ದಿನಾ ಬೆಳಿಗ್ಗೆ ಅವನ್ನು ಎಬ್ಬಿಸಿ ಸಗಣಿ ತೆಗೆಯುವುದು ಹತ್ತನೇ ಕ್ಲಾಸಿನವರೆಗೆ ನನ್ನ ಕೆಲಸ. ಮೂರು ಸಾವಿರ ಸಲವಾದರೂ ದನ ಏಳುವುದನ್ನು ನೋಡಿರಬೇಕು. ನಗರದ ಹುಡುಗ ಈ ತಪ್ಪು ಮಾಡಿದರೆ ಕ್ಷಮೆ ಇದೆ. ನನಗೆ ಏನಿದೆ?

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಹನ್ನೊಂದು ಗಂಟೆಗೆ ಬಂದರು. ಹದಿನಾಲ್ಕು ಪ್ರಾಜೆಕ್ಟು, ಒಂದೂವರೆಗೆ ಊಟ. ಮಿಸ್ರಿಯಾಳ ಚಿತ್ರ ಓಡುವಾಗ ಅರ್ಧ ಹೊತ್ತು ಫೋನು ನೋಡಿದರು.

"ಕಲರ್ ಎಲ್ಲಮ್ಮ? ಬ್ಯಾಕ್‌ಗ್ರೌಂಡ್ ಎಲ್ಲಿ?"

"ಇಷ್ಟೇ ಸರ್. ದನ ಏಳುದು."

"ದನ ಏಳೋದನ್ನ ನೋಡೋಕೆ ಮೂರು ವರ್ಷ ಓದಬೇಕಾ?"

ವಿಭಾಗ ಮುಖ್ಯಸ್ಥರು ನಕ್ಕರು. ಅಂಕ ಮೂವತ್ತೊಂದು.

ಮುಂದಿನ ಹೆಸರು ನನ್ನದು. ನನ್ನ ಬಸ್ಸುಗಳು ಹಾರಿದವು, ಚೆಂಡೆ ಬಡಿಯಿತು, ಪರೀಕ್ಷಕರು ಫೋನು ಕೆಳಗಿಟ್ಟರು. ವರದಿಯ ಬೈಂಡಿಂಗನ್ನು ಮುಟ್ಟಿ ನೋಡಿದರು. ಚಿನ್ನದ ಅಕ್ಷರ ಹಾಕಿಸಿದ್ದೆ. ತೊಂಬತ್ತು ಬರೆದರು.

ಆಗ ಮೂಲೆಯಲ್ಲಿ ಕುಳಿತಿದ್ದ ನಮ್ಮ ಸರ್ ಎದ್ದರು. ಧ್ವನಿ ಬಂದ್ ಮಾಡಿ, ಎರಡು ದನಗಳನ್ನೂ ಒಂದರ ಪಕ್ಕ ಒಂದು ಇಟ್ಟು ಓಡಿಸಿದರು. ಪೆನ್ಸಿಲ್ಲಿನ ದನ ಹಿಂದಿನಿಂದ ಎದ್ದಿತು. ಹೊಳೆಯುವ ದನ ಮುಂದಿನಿಂದ ಎದ್ದಿತು. ಚೆಂಡೆ ಇಲ್ಲದೆ ನೋಡಿದಾಗ ನನ್ನದು ಬೆನ್ನು ಮುರಿದ ನಾಯಿಯ ಹಾಗೆ ಕಾಣುತ್ತಿತ್ತು.

ಸರ್ ನನ್ನ ಕಡೆ ತಿರುಗಿದರು. "ನಿಮ್ಮ ಮನೆಯಲ್ಲಿ ದನ ಉಂಟಲ್ಲ ಮಾರಾಯ? ಅದು ಹೇಗೆ ಏಳ್ತದೆ, ಇವರಿಗೊಮ್ಮೆ ಹೇಳು."

ಕೇಳಿದ್ದು ಅಷ್ಟೇ. ಉತ್ತರ ಎರಡು ಶಬ್ದದ್ದು. ಹಿಂದಿನಿಂದ ಸರ್. ಅಷ್ಟು ಹೇಳಿದ್ದರೆ ಮಿಸ್ರಿಯಾ ಕೂಡ ಬಾಯಿ ತೆರೆಯುತ್ತಿದ್ದಳು, ಮಾತು ಬೆಳೆಯುತ್ತಿತ್ತು, ಪೆನ್ನು ಒಂದು ಸಲವಾದರೂ ನಿಲ್ಲುತ್ತಿತ್ತು. ನಾನು ಪರೀಕ್ಷಕರ ಮುಂದಿನ ಹಾಳೆ ನೋಡಿದೆ. ತೊಂಬತ್ತು, ನೀಲಿ ಶಾಯಿ, ಇನ್ನೂ ಒಣಗಿರಲಿಲ್ಲ.

"ಎಲ್ಲ ದನ ಒಂದೇ ತರ ಏಳುದಿಲ್ಲ ಸರ್," ಎಂದೆ. "ನಮ್ಮದು ಸ್ವಲ್ಪ ಮಾಡರ್ನ್."

ಕೋಣೆ ನಕ್ಕಿತು. ನನ್ನ ಮೂರು ವರ್ಷದ ಎಲ್ಲ ತಮಾಷೆಗಳಲ್ಲಿ ಅಷ್ಟು ದೊಡ್ಡ ನಗು ಬಂದದ್ದು ಇದೊಂದಕ್ಕೇ. ಪರೀಕ್ಷಕರು ಮೇಜು ತಟ್ಟಿ, "ಮಾತಲ್ಲಿ ಜೋರಿದ್ದಾನೆ ಹುಡುಗ" ಎಂದು ಪ್ರಸ್ತುತಿಯ ಎಂಟನ್ನು ಹೊಡೆದು ಹತ್ತು ಮಾಡಿದರು. ತೊಂಬತ್ತೆರಡು. ಫ್ಲೆಕ್ಸಿನಲ್ಲಿರುವ ಆ ಎರಡು ಅಂಕ ಆ ತಮಾಷೆಯದ್ದು. ಮಿಸ್ರಿಯಾ ನಗಲಿಲ್ಲ, ನನ್ನನ್ನು ನೋಡಲೂ ಇಲ್ಲ. ಚಾರ್ಜರಿನ ವಯರನ್ನು ಸುತ್ತಿ ಸುತ್ತಿ ಚೀಲಕ್ಕೆ ಹಾಕಿದಳು. ಸರ್ ನನ್ನನ್ನು ನೋಡಿದರು. ನನ್ನ ಚೆಂಡು ಮೇಲೆ ಹೋದಾಗ ನೋಡಿದ್ದ ಹಾಗೆ, ಕೆಳಗೆ ಬರುತ್ತದೋ ಎಂದು. ಬರಲಿಲ್ಲ.

ಎಲ್ಲ ಮುಗಿದು ನಮ್ಮನ್ನು ಹೊರಗೆ ಕಳಿಸಿದ ಮೇಲೆ ಬಾಗಿಲು ಅರ್ಧ ತೆರೆದೇ ಇತ್ತು. ನಾವೆಲ್ಲ ಕೇಳಿಸಿಕೊಂಡೆವು.

"ಸೈನ್ ಹಾಕಿ ಸರ್, ಊಟಕ್ಕೆ ಹೊತ್ತಾಯ್ತು." ಇದು ಮುಖ್ಯಸ್ಥರು.

"ಮೂವತ್ತೊಂದಕ್ಕೆ ಕಾರಣ ಹೇಳಿ. ಹಾಕ್ತೇನೆ." ಇದು ನಮ್ಮ ಸರ್.

"ಇಂಡಸ್ಟ್ರಿಯಲ್ಲಿ ಇಂಥದ್ದಕ್ಕೆಲ್ಲ ಸ್ಕೋಪ್ ಇಲ್ಲ ರೀ." ಇದು ಹೊರಗಿನವರು.

"ಇಂಡಸ್ಟ್ರಿಯ ದನ ಹೇಗೆ ಏಳ್ತದೆ? ಅದನ್ನಾದ್ರೂ ಹೇಳಿ."

"ಸರ್, ನೀವು ಗೆಸ್ಟ್," ಎಂದರು ಮುಖ್ಯಸ್ಥರು. "ಗೆಸ್ಟ್ ಗೆಸ್ಟಿನ ಹಾಗೆ ಇರ್ಬೇಕು."

ಆಮೇಲೆ ಕುರ್ಚಿ ಸರಿದ ಸದ್ದು.

"ಸರಿ. ಗೆಸ್ಟ್ ಹೊರಟ."

ಅವರು ನಮ್ಮ ನಡುವಿನಿಂದಲೇ ಹೋದರು. ಮುಖ್ಯಸ್ಥರು 'ಪರವಾಗಿ' ಎಂದು ಬರೆದು ಸಹಿ ಹಾಕಿದರಂತೆ. ಮುಂದಿನ ವರ್ಷದ ಪತ್ರ ಸರ್‌ಗೆ ಹೋಗಲಿಲ್ಲ. ಯಾರೂ ತೆಗೆದು ಹಾಕಲಿಲ್ಲ ನೋಡಿ, ಕರೆಯಲಿಲ್ಲ ಅಷ್ಟೇ. ಕೈಗೆ ರಕ್ತ ಅಂಟದ ಹಾಗೆ ಕುತ್ತಿಗೆ ಕೊಯ್ಯುವ ವಿದ್ಯೆ ಇದು. ಇದನ್ನು ಕಲಿಸಲು ಮಾತ್ರ ಎಲ್ಲ ಕಾಲೇಜುಗಳಲ್ಲಿಯೂ ಖಾಯಂ ಸಿಬ್ಬಂದಿ ಇರುತ್ತಾರೆ.

ಫಲಿತಾಂಶ ಬಂದ ದಿನ ಮಿಸ್ರಿಯಾಳ ಅಪ್ಪ ಕಡಬದಿಂದ ಅಂಗಡಿ ಮುಚ್ಚಿ ಬಂದರು. ಅವಳು ಬರೆದ ದನದ ಒಂದು ಚಿತ್ರವನ್ನು ಗಲ್ಲಾದ ಹಿಂದೆ ಚೌಕಟ್ಟು ಹಾಕಿಸಿ ನೇತುಹಾಕಿದ್ದವರು. ಮುಖ್ಯಸ್ಥರ ಮೇಜಿನ ಮುಂದೆ ನಿಂತೇ ಕೇಳಿದರು. "ಅಲ್ಲ ಸರ್, ಫೇಲ್ ಆದದ್ದು ದನವಾ, ನನ್ನ ಮಗಳಾ? ದನ ಆದ್ರೆ ಹೇಳಿ, ನಮ್ಮೂರಲ್ಲಿ ಅದು ಹಾಗೆಯೇ ಏಳುದು. ಮಗಳಾದ್ರೆ ಅವಳು ಎಂತ ತಪ್ಪು ಮಾಡಿದ್ದು, ಅದನ್ನು ಹೇಳಿ."

"ನಿಯಮ ಸಾಹೇಬ್ರೆ, ನಮ್ಮ ಕೈಯಲ್ಲಿ ಇಲ್ಲ."

ಮರುವರ್ಷ ಅವಳು ಅದೇ ಚಿತ್ರವನ್ನು, ಒಂದು ಗೆರೆಯನ್ನೂ ಬದಲಿಸದೆ, ಬಣ್ಣ ತುಂಬಿ, ಹಿಂದೆ ಒಂದು ಸೂರ್ಯನನ್ನು ಇಟ್ಟು, ಚಿನ್ನದ ಅಕ್ಷರದ ಬೈಂಡಿಂಗ್ ಮಾಡಿಸಿ ಕೊಟ್ಟಳು. ಎಪ್ಪತ್ತೆಂಟು ಬಂತು. ಅದೇ ದನ! ಸೂರ್ಯನಿಗೇ ನಲವತ್ತೇಳು ಅಂಕ! ಅಷ್ಟರಲ್ಲಿ ಮಂಗಳೂರಿನ ಕೆಲಸ ಕಾದಿರಲಿಲ್ಲ. ಆ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂದು ಕೇಳಬೇಡಿ. ಜೆಲ್ ಹಚ್ಚುವುದನ್ನು ಈಗ ಬಿಟ್ಟಿದ್ದಾನೆ.

ತೊಂಬತ್ತೆರಡು ಬಂದ ಖುಷಿಗೆ ನಾನು ಮನೆಯಲ್ಲಿ ಆ ಚಿತ್ರ ಹಾಕಿ ತೋರಿಸಿದ್ದೆ. ಅಜ್ಜಿ ಹಾರುವ ಬಸ್ಸುಗಳನ್ನು ತಕರಾರಿಲ್ಲದೆ ಒಪ್ಪಿಕೊಂಡರು. ದನ ಎದ್ದ ಕೂಡಲೇ, "ಇದ್ ದನ ಅಲ್ಲ ಮಗ, ಕುದ್ರೆ" ಎಂದು ಎದ್ದು ಒಳಗೆ ಹೋದರು. ಧ್ವನಿ ಬಂದ್ ಮಾಡದೆಯೇ ಕಂಡುಹಿಡಿದರು. ಅವರನ್ನು ಪರೀಕ್ಷಕರಾಗಿ ಕರೆಯಬೇಕಿತ್ತು.

ಸರ್ ಮತ್ತೆ ಸಿಕ್ಕಿದ್ದು ಒಂದೇ ಸಲ, ಎರಡು ವರ್ಷದ ಹಿಂದೆ, ಅದೇ ಬಸ್ ನಿಲ್ದಾಣದಲ್ಲಿ. ಒಬ್ಬರೇ ನಿಂತು ಬಸ್ ಹತ್ತುವವರನ್ನು ನೋಡುತ್ತಿದ್ದರು. ನಾನು ನೋಡದವನ ಹಾಗೆ, ಫೋನು ಕಿವಿಗೆ ಹಿಡಿದು, ಇಲ್ಲದ ಯಾರ ಹತ್ತಿರವೋ ಮಾತಾಡುತ್ತ, ಅವರ ಎದುರಿನಿಂದಲೇ ಹಾದುಹೋದೆ.

"ಬಲಗೈ ಬಲಗಾಲು ಒಟ್ಟಿಗೆ ಹೋಗ್ತಾ ಉಂಟು" ಎಂದರು.

ನಿಲ್ಲಲಿಲ್ಲ ನಾನು. ಬಂದ ಬಸ್ಸು ಹತ್ತಿದೆ. ಅದು ಸುಬ್ರಹ್ಮಣ್ಯಕ್ಕೆ ಹೋಗುವುದು ಎಂದು ಗೊತ್ತಾಗುವಾಗ ಬಹಳ ದೂರ ಬಂದಿತ್ತು. ನನ್ನ ಮೇಲೆ ಅವರು ಒಂದು ಸಲ ಕೂಗಾಡಿದ್ದರೆ ಸಾಕಿತ್ತು. ಅದೊಂದು ಸಿಟ್ಟು ನನಗೆ ಅವರ ಮೇಲೂ ಇದೆ. ಅವರು ಕೂಗಾಡಲಿಲ್ಲ, ತಿದ್ದಿದರು. ಈಗ ತಿದ್ದಲಿಕ್ಕೂ ಅವರು ಸಿಗುವುದಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಮಿಸ್ರಿಯಾ ಬಂದಿದ್ದಳು. ಈಗ ಕಡಬದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಸರ್‌ನ ಹೆಂಡತಿ ಅವಳಿಗೆ ಒಂದು ಹಳೆಯ ಫೈಲು ಕೊಟ್ಟಿದ್ದರು. ಹದಿನಾಲ್ಕು ಅರ್ಧ ಹಾಳೆಗಳು. ನಮ್ಮ ಅಂತಿಮ ಪ್ರಾಜೆಕ್ಟುಗಳಿಗೆ ಅವರು ಹಾಕಿದ್ದ ಅಂಕ, ಯಾರೂ ಕೇಳದ ಅಂಕ. ಅವಳು ತನ್ನದನ್ನು ಓದಿದಳು. "ಎಂಬತ್ತೊಂದು. ದನ ಎದ್ದ ಮೇಲೆ ಒಂದು ಗಳಿಗೆ ನಿಂತದ್ದು ಬಹಳ ಸರಿ. ನೀರು ಕುಡಿಯುವಾಗ ಕಿವಿ ಸತ್ತಿದೆ." ಓದಿ, "ಕಿವಿ! ಹೌದು ಮಾರಾಯ, ಕಿವಿ ನಾನು ಮರ್ತೇ ಬಿಟ್ಟಿದ್ದೆ" ಎಂದು ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಮತ್ತೆ ಇನ್ನೊಂದು ಹಾಳೆ ತೆಗೆದು ನನ್ನ ಕಡೆ ಚಾಚಿದಳು.

"ಇದು ನಿನ್ನದು. ಓದು. ಜೋಕ್ ಎಲ್ಲ ಬೇಡ."

'ಮೂವತ್ತೆಂಟು. ಮನೆಯಲ್ಲಿ ದನ ಉಂಟು. ನೋಡಲಿಲ್ಲ.'

ವಾದ ಮಾಡಿ ಗೆದ್ದರೆ ಉಜ್ಜಬಹುದಾದ ಅಂಕ. ವಾದ ಮಾಡಲು ನನ್ನಲ್ಲಿ ಏನೂ ಇರಲಿಲ್ಲ.

ಅಲ್ಲಿಂದ ಸೀದಾ ಕಾಲೇಜಿಗೆ ಹೋದೆ. ಮುಖ್ಯಸ್ಥರು ತರಗತಿಯಲ್ಲಿದ್ದರು. ಎರಡನೇ ಮಹಡಿ, ಎಡಗಡೆಯ ಗೋಡೆ. ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಫೋಟೋದ ಕೆಳಗಿನ ತೊಂಬತ್ತೆರಡನ್ನು ಹೊಡೆಯಲು ಹೊರಟೆ. ಫ್ಲೆಕ್ಸಿನ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಜಾರುತ್ತದೆ. ಬೋರ್ಡ್ ಬರೆಯುವವರ ಶಿಷ್ಯನಾಗಿ ಇಷ್ಟು ಗೊತ್ತಿರಬೇಕಿತ್ತು. ಒತ್ತಿದೆ. ಇನ್ನೂ ಒತ್ತಿದೆ. ಮೊನೆ ಮುರಿಯಿತು. ಮುರಿದ ಮೊನೆಯಿಂದಲೇ ಗೀರಿದೆ. ಒಂಬತ್ತರ ಹೊಟ್ಟೆ ಹರಿಯಿತು, ಆಮೇಲೆ ಎರಡು.

ಅಟೆಂಡರಣ್ಣ ಓಡಿ ಬಂದರು. "ಎಂತ ಮಾರಾಯ್ರೆ ಇದು! ನಿಮ್ಮದೇ ಫೋಟೋ ಅಲ್ವಾ? ಹರಿದು ಹಾಕುದು ಯಾಕೆ?"

ಬಾಯಿಯ ತುದಿಗೆ ಒಂದು ತಮಾಷೆ ಬಂತು. ಒಳ್ಳೆಯದೇ ಇತ್ತು. ನುಂಗಿಕೊಂಡೆ.

"ದನ ಹಿಂದಿನಿಂದ ಏಳುದು ಅಣ್ಣ," ಎಂದೆ.

"ಅದು ಯಾರಿಗೆ ಗೊತ್ತಿಲ್ಲ?" ಎಂದರು ಅವರು.